ಫೋನಿನ ಅಂಕಪಟ್ಟಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಅಂಗಳದಲ್ಲಿ ಮೈಕಿನ ಮುಂದೆ ನಾನು ನಿಲ್ಲುತ್ತಿರುವುದು ಇದು ಎರಡನೇ ಸಲ. ಮೊದಲ ಸಲ ಒಂಬತ್ತನೇ ತರಗತಿಯಲ್ಲಿದ್ದಾಗ, ಆಗಸ್ಟ್ 15ರಂದು. ಭಾಷಣ ಪೂರ್ತಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಮೂರನೇ ವಾಕ್ಯಕ್ಕೆ ಮರೆತು ನಿಂತೆ. ಆ ದಿನ ನಕ್ಕವರಲ್ಲಿ ಅರ್ಧ ಜನ ಇವತ್ತು ಇಲ್ಲಿಯೇ ಕುಳಿತಿದ್ದೀರಿ. ಅದಕ್ಕೇ ಈ ಸಲ ಚೀಟಿ ಬರೆದುಕೊಂಡು ಬಂದಿದ್ದೇನೆ.

ಮಾತಾಡಲು ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಮೊದಲು ಹೇಳಿಬಿಡುತ್ತೇನೆ. ಹತ್ತನೇ ತರಗತಿಯ ಮಕ್ಕಳಿಗೆ ನಲವತ್ತು ಟ್ಯಾಬ್ ಕೊಡಿಸಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಹಣ ಕೂಡಿಸಿರುವುದು ನಿಮಗೆಲ್ಲ ಗೊತ್ತಿದೆ. ಹೊರದೇಶದಲ್ಲಿರುವವರು ದೊಡ್ಡ ಮೊತ್ತ ಕಳಿಸಿದ್ದಾರೆ. ನೆಲ್ಲಿನ ಗೋದಾಮಿನಲ್ಲಿ ಹಮಾಲಿ ಮಾಡುವ ನಮ್ಮ ಬ್ಯಾಚಿನ ಗೆಳೆಯ ಇನ್ನೂರು ರೂಪಾಯಿ ಕೊಟ್ಟಿದ್ದಾನೆ. ಎರಡು ಅಂಗಡಿಗಳಿಂದ ಕೊಟೇಶನ್ ಬಂದಿವೆ. ಬೆಲೆ ಹೆಚ್ಚುಕಡಿಮೆ ಒಂದೇ. ಆದರೆ ಒಂದು ಕೊಟೇಶನ್ನಿನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬೆಂಚ್‌ಮಾರ್ಕ್ ಸ್ಕೋರ್ ಇಷ್ಟು, ಇನ್ನೊಂದು ಕಂಪನಿಯ ಟ್ಯಾಬಿಗಿಂತ ಇಷ್ಟು ಹೆಚ್ಚು ಎಂದು ಅಚ್ಚಾಗಿದೆ. ಸಂಘದ ಕಾರ್ಯದರ್ಶಿಗಳು ಅದರ ಫೋಟೋ ನನಗೆ ಕಳಿಸಿ, "ನೀನು ಸಾಫ್ಟ್‌ವೇರ್ ಎಂಜಿನಿಯರ್ ಇದ್ದೀಯಲ್ಲ, ಯಾವುದು ತಗೊಳ್ಳೋಣ ಹೇಳು" ಎಂದರು. ಹೆಚ್ಚು ಸ್ಕೋರ್ ಇರುವುದನ್ನೇ ತಗೊಳ್ಳಿ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಯಾಕೆಂದರೆ ಕೆಲವು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಆ ಉತ್ತರ ಕೊಟ್ಟು ಕೆಟ್ಟಿದ್ದೇನೆ.

2020ರ ಮಾತು. ಲಾಕ್‌ಡೌನ್ ಸಡಿಲವಾಗಿ ನಾನು ಊರಿಗೆ ಬಂದಿದ್ದೆ. ಅಪ್ಪನಿಗೆ ಒಂದು ಒಳ್ಳೆಯ ಫೋನ್ ಕೊಡಿಸೋಣವೆಂದು ಸಿಂಧನೂರಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಎರಡು ಫೋನ್ ಮುಂದಿಟ್ಟರು. ಎರಡಕ್ಕೂ ಹದಿಮೂರು ಸಾವಿರದ ಆಸುಪಾಸು. ಅಂಗಡಿಯವರು ಒಂದನ್ನು ತೋರಿಸಿ, "ಹಳ್ಳ್ಯಾಗ ಇದು ಸಿಗ್ನಲ್ ಚೊಲೊ ಹಿಡಿತೈತ್ರಿ, ಹಿರ್ಯಾರಿಗೆ ಇದಾ ಬೇಸು" ಎಂದರು. ನಾನು ಅಲ್ಲೇ ನಿಂತು ಎರಡರ ಬೆಂಚ್‌ಮಾರ್ಕ್ ಸ್ಕೋರ್ ತೆಗೆದು ನೋಡಿದೆ. ಇನ್ನೊಂದು ಫೋನಿನದು ಸಾವಿರಾರು ಅಂಕ ಹೆಚ್ಚಿತ್ತು. "ನೀವು ಮಾರುವವರು, ನಾನು ಈ ಕೆಲಸದಲ್ಲೇ ಇರುವವನು" ಎಂಬ ಧಾಟಿಯಲ್ಲಿ ಮಾತಾಡಿ, ಅಂಕ ಹೆಚ್ಚಿದ್ದನ್ನೇ ತಂದೆ.

ಆ ವರ್ಷವೇ ನಮ್ಮ ರಾಜ್ಯದಲ್ಲಿ ರೈತರು ತಾವೇ ಬೆಳೆ ಸಮೀಕ್ಷೆ ಮಾಡುವ ಆ್ಯಪ್ ಬಂದಿತ್ತು. ಹೊಲದಲ್ಲಿ ನಿಂತು ಬೆಳೆಯ ಫೋಟೋ ತೆಗೆದು ಕಳಿಸಬೇಕು, ನಿಂತ ಜಾಗವನ್ನು ಜಿಪಿಎಸ್ ಹೇಳಬೇಕು. ಅಪ್ಪ ಹೊಸ ಫೋನ್ ಹಿಡಿದುಕೊಂಡು ಎಡದಂಡೆ ಕಾಲುವೆಯ ಕೆಳಗಿನ ನಮ್ಮ ಗದ್ದೆಗೆ ಹೋದರು. ಬಿಸಿಲಿನಲ್ಲಿ ಪರದೆ ಕಾಣಲಿಲ್ಲ. ಜಾಗ ಹಿಡಿಯಲು ಫೋನು ಬಹಳ ಹೊತ್ತು ತೆಗೆದುಕೊಂಡಿತು. ಕಾಲುವೆ ಏರಿಯ ಮೇಲೆ ಬಂದರೆ ಒಂದು ಗೆರೆ ಸಿಗ್ನಲ್, ಬದುವಿಗೆ ಇಳಿದರೆ ಅದೂ ಇಲ್ಲ. ಪಕ್ಕದ ಗದ್ದೆಯವರು ಅಂಗಡಿಯವರು ಹೇಳಿದ ಆ ಇನ್ನೊಂದು ಫೋನಿನಲ್ಲಿ ಕೆಲಸ ಮುಗಿಸಿ ಮನೆಗೆ ಹೋಗಿದ್ದರು. ಅಪ್ಪ ಸಂಜೆ ಬಂದು ಫೋನನ್ನು ಗೂಡಿನಲ್ಲಿಟ್ಟು, "ಭಾರಿ ಮಾರ್ಕ್ಸ್ ತಗೊಂಡೈತಿ ಅಂದಿದ್ದೆಲ್ಲ, ಹೊಲ್ದಾಗ ಅಕ್ಷರ ಕಾಣವಲ್ದು" ಅಂದರು. ಬೇರೇನೂ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಅಂಕ ಸುಳ್ಳಾಗಿತ್ತೇ? ಇಲ್ಲ. ಅಂಕ ನಿಜವಾಗಿಯೇ ಇತ್ತು. ಆದರೆ ಅದು ಯಾವ ಪರೀಕ್ಷೆಯ ಅಂಕ ಎಂದು ನಾನು ಕೇಳಿರಲಿಲ್ಲ.

ಈ ಸ್ಕೋರ್ ಅಂದರೆ ಏನು ಎಂದು ಸರಳವಾಗಿ ಹೇಳುತ್ತೇನೆ. ಬೆಂಚ್‌ಮಾರ್ಕ್ ಎನ್ನುವುದು ಒಂದು ಆ್ಯಪ್. ಅದು ಫೋನಿಗೆ ಕೆಲವು ಗೊತ್ತಾದ ಕೆಲಸಗಳನ್ನು ಕೊಡುತ್ತದೆ: ಒಂದು ಫೈಲನ್ನು ಕುಗ್ಗಿಸು, ಒಂದು ಫೋಟೋ ತಿದ್ದು, ಒಂದು ವೆಬ್ ಪುಟ ತೆರೆ, ಆಟದಂತಹ ಒಂದು ದೃಶ್ಯ ಬಿಡಿಸು. ಎಷ್ಟು ಬೇಗ ಮಾಡಿತು ಎಂದು ನೋಡಿ ಅಂಕ ಹಾಕುತ್ತದೆ. ಕೆನಡಾದ ಪ್ರೈಮೇಟ್ ಲ್ಯಾಬ್ಸ್ ಕಂಪನಿಯ ಗೀಕ್‌ಬೆಂಚ್, ಚೀನಾದ ಆನ್‌ಟುಟು, 3ಡಿಮಾರ್ಕ್ ಇವು ಹೆಚ್ಚು ಹೆಸರಾದವು. ಗೀಕ್‌ಬೆಂಚ್‌ನ ಆರನೇ ಆವೃತ್ತಿ 2023ರಲ್ಲಿ ಬಂತು. ಅದರಲ್ಲಿ ಇಂಟೆಲ್ ಕೋರ್ ಐ7-12700 ಪ್ರೊಸೆಸರ್ ಇರುವ ಒಂದು ಕಂಪ್ಯೂಟರನ್ನು ತೂಕದ ಕಲ್ಲಿನಂತೆ ಇಟ್ಟು, ಅದಕ್ಕೆ 2500 ಅಂಕ ಎಂದು ಗೊತ್ತು ಮಾಡಿದ್ದಾರೆ. 1250 ಬಂದರೆ ಅದರ ಅರ್ಧ ವೇಗ, 5000 ಬಂದರೆ ಎರಡು ಪಟ್ಟು. ತಕ್ಕಡಿ ಸರಿಯಾಗಿಯೇ ಇದೆ. ಆದರೆ ತಕ್ಕಡಿಯಲ್ಲಿ ಏನನ್ನು ಇಟ್ಟು ತೂಗಿದರು ಎಂದು ನೋಡಬೇಕು.

ಇದಕ್ಕೆ ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ಇಂದಿನ ಫೋನಿನ ಪ್ರೊಸೆಸರಿನಲ್ಲಿ ಸಾಮಾನ್ಯವಾಗಿ ಎಂಟು ಕೋರ್ ಇರುತ್ತವೆ. ಎಂಟು ಆಳು ಎಂದುಕೊಳ್ಳಿ. ಗೀಕ್‌ಬೆಂಚ್‌ನ ಹಿಂದಿನ ಆವೃತ್ತಿ ಎಂಟು ಆಳುಗಳನ್ನು ಎಂಟು ಬೇರೆ ಬೇರೆ ಗದ್ದೆಗೆ ನಾಟಿಗೆ ಕಳಿಸಿ, ಒಟ್ಟು ಎಷ್ಟು ನಾಟಿ ಆಯಿತು ಎಂದು ಲೆಕ್ಕ ಹಾಕುತ್ತಿತ್ತು. ಆದರೆ ನಾವು ಫೋನಿನಲ್ಲಿ ಮಾಡುವ ಕೆಲಸ ಬಹುಪಾಲು ಒಂದೇ ಗದ್ದೆ ಇದ್ದ ಹಾಗೆ. ಒಂದೇ ಗದ್ದೆಗೆ ಎಂಟು ಜನ ಇಳಿದರೆ ಸಸಿ ಕೊಡುವವರಿಗೆ ಕಾಯಬೇಕು, ಒಬ್ಬರ ಸಾಲು ಇನ್ನೊಬ್ಬರಿಗೆ ಅಡ್ಡ ಬರುತ್ತದೆ, ಎಂಟು ಪಟ್ಟು ಕೆಲಸ ಆಗುವುದಿಲ್ಲ. ಆರನೇ ಆವೃತ್ತಿಯಲ್ಲಿ ಅವರು ಇದನ್ನು ಒಪ್ಪಿಕೊಂಡು, ಎಲ್ಲ ಕೋರ್‌ಗಳೂ ಸೇರಿ ಒಂದೇ ಕೆಲಸ ಮಾಡುವಂತೆ ಪರೀಕ್ಷೆಯನ್ನೇ ಬದಲಿಸಿದರು. ಅಂದರೆ ಪರೀಕ್ಷೆ ಮಾಡುವವರಿಗೂ ತಮ್ಮ ಪರೀಕ್ಷೆ ನಿಜವಾದ ಕೆಲಸವನ್ನು ಹೋಲುತ್ತಿಲ್ಲ ಎಂದು ಗೊತ್ತಾಗುತ್ತದೆ, ಅವರೂ ತಿದ್ದಿಕೊಳ್ಳುತ್ತಾರೆ.

ಇನ್ನು ಆನ್‌ಟುಟು ನಾಲ್ಕು ವಿಷಯದಲ್ಲಿ ಪರೀಕ್ಷೆ ಮಾಡಿ, ಎಲ್ಲ ಕೂಡಿಸಿ ಲಕ್ಷಗಳಲ್ಲಿ ಒಂದು ಒಟ್ಟು ಅಂಕ ಕೊಡುತ್ತದೆ. ಪ್ರೊಸೆಸರ್, ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್, ಮೆಮೊರಿ, ಬಳಕೆಯ ಸರಾಗತೆ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 540 ಬಂದಿದೆ ಎಂದರೆ ಹುಡುಗ ಜಾಣ ಎಂದು ಗೊತ್ತಾಗುತ್ತದೆ, ಗಣಿತದಲ್ಲಿ ಎಷ್ಟು ಬಂತು ಎಂದು ಗೊತ್ತಾಗುವುದಿಲ್ಲ. ನಮ್ಮಪ್ಪನ ಫೋನು ಗ್ರಾಫಿಕ್ಸ್‌ನಲ್ಲಿ ಮುಂದಿತ್ತು. ನಮ್ಮಪ್ಪ ಫೋನಿನಲ್ಲಿ ಆಟ ಆಡುವುದಿಲ್ಲ. ಅವರಿಗೆ ಬೇಕಾಗಿದ್ದ ವಿಷಯಗಳು ಬಿಸಿಲಿನಲ್ಲಿ ಕಾಣುವ ಪರದೆ, ಕ್ಷೀಣ ಸಿಗ್ನಲ್ಲನ್ನೂ ಬಿಡದೆ ಹಿಡಿಯುವ ಶಕ್ತಿ, ಟ್ರ್ಯಾಕ್ಟರ್ ಸದ್ದಿನಲ್ಲೂ ಕೇಳುವ ಸ್ಪೀಕರ್, ಎರಡು ದಿನ ಬರುವ ಬ್ಯಾಟರಿ. ಇವು ಯಾವುವೂ ಆ ಒಟ್ಟು ಅಂಕದಲ್ಲಿ ಇರಲಿಲ್ಲ.

ಇನ್ನೊಂದು ವಿಷಯ ಶಾಖ. ಸಾಮಾನ್ಯವಾಗಿ ಫೋನಿನೊಳಗೆ ಫ್ಯಾನ್ ಇರುವುದಿಲ್ಲ. ಪ್ರೊಸೆಸರ್ ಜೋರಾಗಿ ದುಡಿದರೆ ಬಿಸಿಯಾಗುತ್ತದೆ. ಮಿತಿ ಮೀರಿ ಬಿಸಿಯಾಗದಿರಲೆಂದು ಫೋನು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಸಾಮಾನ್ಯ ಬೆಂಚ್‌ಮಾರ್ಕ್ ಕೆಲವೇ ನಿಮಿಷದಲ್ಲಿ ಮುಗಿಯುವುದರಿಂದ ಫೋನು ದಣಿಯುವ ಮೊದಲೇ ಅಂಕ ಬಂದುಬಿಡುತ್ತದೆ. ನೂರು ಮೀಟರ್ ಓಟ ನೋಡಿ ಮೂಟೆ ಹೊರಲು ಆಳನ್ನು ಆರಿಸಿದ ಹಾಗೆ. ಇದಕ್ಕಾಗಿಯೇ 3ಡಿಮಾರ್ಕ್‌ನವರು ಬೇರೆ ಪರೀಕ್ಷೆ ಇಟ್ಟಿದ್ದಾರೆ: ಒಂದು ನಿಮಿಷದ ದೃಶ್ಯವನ್ನು ಇಪ್ಪತ್ತು ಸಲ ಬಿಡದೆ ಓಡಿಸಿ, ಮೊದಲಿನ ವೇಗ ಕೊನೆಯವರೆಗೆ ಎಷ್ಟು ಉಳಿಯಿತು ಎಂದು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಆಪಲ್ ಕಂಪನಿ ತನ್ನ ಐಫೋನನ್ನು ಸುತ್ತಲಿನ ಗಾಳಿ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿರುವ ಕಡೆ ಬಳಸಿ ಎಂದು ಬರೆದಿದೆ. ನಮ್ಮ ರಾಯಚೂರು ಸೀಮೆಯ ಏಪ್ರಿಲ್ ತಿಂಗಳು 40 ದಾಟುತ್ತದೆ. ನಮ್ಮ ಬೇಸಿಗೆಯೇ ಆ ಲೆಕ್ಕದ ಆಚೆ ಇದೆ.

ಇಷ್ಟರವರೆಗೆ ಹೇಳಿದ್ದು ಪರೀಕ್ಷೆಯ ಮಿತಿ. ಇನ್ನು ಪರೀಕ್ಷೆಯಲ್ಲಿ ಮಾಡುವ ಮೋಸದ ಮಾತು. ಅದನ್ನು ಹೇಳುವ ಮೊದಲು, ಇಲ್ಲಿ ಕುಳಿತಿರುವ ನಮ್ಮ ಗಣಿತದ ಗುರುಗಳ ಕ್ಷಮೆ ಕೇಳಿ, ಎಂಟನೇ ತರಗತಿಯ ಒಂದು ಕಥೆ ಹೇಳುತ್ತೇನೆ.

ನಾನು ಆಗ ಲೆಕ್ಕಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಹೌದು, ಲೆಕ್ಕಗಳನ್ನು. ಪುಸ್ತಕದ ಲೆಕ್ಕ ಪುಸ್ತಕದ ಹಾಗೆಯೇ ಬಂದರೆ ಒಂದು ಅಂಕವೂ ಹೋಗುತ್ತಿರಲಿಲ್ಲ. ಎರಡು ನಲ್ಲಿಗಳು ಸೇರಿ ತೊಟ್ಟಿ ತುಂಬಿಸುವ ಲೆಕ್ಕ ನನಗೆ ನೀರು ಕುಡಿದಷ್ಟು ಸಲೀಸು. ಒಂದು ದಿನ ಸರ್ ಕಿರುಪರೀಕ್ಷೆಯಲ್ಲಿ ಅದೇ ಲೆಕ್ಕಕ್ಕೆ ಬೇರೆ ಬಟ್ಟೆ ತೊಡಿಸಿದರು. "ಒಬ್ಬಾಕೆ ಒಂದು ಗದ್ದೆಯನ್ನು 6 ದಿನದಲ್ಲಿ ನಾಟಿ ಮಾಡುತ್ತಾಳೆ, ಇನ್ನೊಬ್ಬಾಕೆ 3 ದಿನದಲ್ಲಿ. ಇಬ್ಬರೂ ಸೇರಿದರೆ ಎಷ್ಟು ದಿನ?" ನಲ್ಲಿ ಕಾಣಲಿಲ್ಲ, ತೊಟ್ಟಿ ಕಾಣಲಿಲ್ಲ. ನಾನು 6ಕ್ಕೆ 3 ಕೂಡಿಸಿ 9 ದಿನ ಎಂದು ಬರೆದೆ. ಸರ್ ಹೊಡೆಯಲಿಲ್ಲ. "ಇಬ್ಬರು ಸೇರಿದ್ಕ ಕೆಲಸ ಜಾಸ್ತಿ ದಿನ ಹಿಡೀತೇನಲೇ? ಮನಿಗೆ ಹೋಗಿ ನಿಮ್ಮವ್ವನ್ನ ಕೇಳ್ಕೊಂಡು ಬಾ" ಎಂದರು. ಅವ್ವ ಆ ದಿನವೂ ನಾಟಿಗೆ ಹೋಗಿ ಬಂದಿದ್ದಳು. ಶಾಲೆಯ ಮುಖ ನೋಡದವಳು, ಒಲೆ ಮುಂದೆ ಕುಳಿತೇ, "ಮೂರು ದಿನಕ್ಕಿಂತ ಕಡಿಮಿ ಆಗ್ಬೇಕಲ್ಲೋ. ಎರಡು ದಿನ ಸಾಕು" ಎಂದಳು. ಸರಿಯಾದ ಉತ್ತರ ಎರಡೇ ದಿನ.

ಈಗ ಫೋನಿಗೆ ಬರುತ್ತೇನೆ. 2013ರಲ್ಲಿ ಆನಂದ್‌ಟೆಕ್ ಎಂಬ ಪತ್ರಿಕೆಯವರು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4 ಫೋನಿನ ಒಂದು ಮಾದರಿಯಲ್ಲಿ ವಿಚಿತ್ರ ಕಂಡರು. ಅದರ ಗ್ರಾಫಿಕ್ಸ್ ಭಾಗ ಕೆಲವು ಬೆಂಚ್‌ಮಾರ್ಕ್‌ಗಳು ಓಡುವಾಗ ಸುಮಾರು 533 ಮೆಗಾಹರ್ಟ್ಸ್ ವೇಗಕ್ಕೆ ಏರುತ್ತಿತ್ತು. ಬೇರೆ ಆಟಗಳಲ್ಲಿ 480ಕ್ಕೆ ನಿಲ್ಲುತ್ತಿತ್ತು. ಅದೇ ವರ್ಷ ಆರ್ಸ್ ಟೆಕ್ನಿಕಾ ಎಂಬ ಪತ್ರಿಕೆಯವರು ಗ್ಯಾಲಕ್ಸಿ ನೋಟ್ 3ರಲ್ಲಿ ಇನ್ನೂ ಮುಂದೆ ಹೋದರು. ಗೀಕ್‌ಬೆಂಚ್ ಆ್ಯಪನ್ನೇ ತೆಗೆದುಕೊಂಡು, ಒಳಗಿನದು ಏನನ್ನೂ ಮುಟ್ಟದೆ, ಹೆಸರು ಮಾತ್ರ ಸ್ಟೆಲ್ತ್‌ಬೆಂಚ್ ಎಂದು ಬದಲಿಸಿದರು. ಹೆಸರು ಬದಲಾದ ಕೂಡಲೇ ಅಂಕ ಇಳಿಯಿತು! ಅಸಲಿ ಹೆಸರಿನಲ್ಲಿ ಬರುತ್ತಿದ್ದ ಅಂಕ ಶೇಕಡಾ 20ರವರೆಗೂ ಹೆಚ್ಚಾಗಿತ್ತು. ಫೋನಿನೊಳಗೆ ಬೆಂಚ್‌ಮಾರ್ಕ್‌ಗಳ ಹೆಸರಿನ ಪಟ್ಟಿ ಇತ್ತು, ಆ ಹೆಸರು ಕಂಡರೆ ಮೈಮುರಿದು ದುಡಿಯಬೇಕೆಂಬ ಸೂಚನೆ ಇತ್ತು. ಮುಂದೆ ಎಸ್4 ಬಗ್ಗೆ ಅಮೆರಿಕದಲ್ಲಿ ಮೊಕದ್ದಮೆ ನಡೆದು, 2019ರಲ್ಲಿ ಕಂಪನಿ ರಾಜಿಗೆ ಒಪ್ಪಿತು. ಗ್ರಾಹಕರ ಪಾಲಿಗೆ ಬಂದದ್ದು ತಲಾ 10 ಡಾಲರ್.

ಇದು ಒಂದೇ ಕಂಪನಿಯ ಕಥೆಯಲ್ಲ. 2018ರಲ್ಲಿ ಹುವಾವೆಯ ಪಿ20 ಮತ್ತಿತರ ಫೋನುಗಳು ಹೀಗೇ ಸಿಕ್ಕಿಬಿದ್ದವು. ಜನರಿಗೆ ಸಿಗದ, ಹೆಸರಿಲ್ಲದ ಖಾಸಗಿ ಆವೃತ್ತಿಯಲ್ಲಿ ಪರೀಕ್ಷಿಸಿದಾಗ ಅಂಕ ಬಹಳ ಕಡಿಮೆ ಬಂತು. 3ಡಿಮಾರ್ಕ್ ತಯಾರಿಸುವವರು ಆ ಫೋನುಗಳನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. 2021ರಲ್ಲಿ ಒನ್‌ಪ್ಲಸ್ 9 ಫೋನುಗಳು ಜನ ದಿನಾ ಬಳಸುವ ಹೆಸರಾದ ಆ್ಯಪ್‌ಗಳನ್ನು ನಿಧಾನ ಮಾಡಿ, ಬೆಂಚ್‌ಮಾರ್ಕ್‌ಗಳನ್ನು ಮಾತ್ರ ಪೂರ್ತಿ ವೇಗದಲ್ಲಿ ಓಡಿಸುತ್ತಿದ್ದದ್ದು ಬೆಳಕಿಗೆ ಬಂತು. 2022ರಲ್ಲಿ ಸ್ಯಾಮ್‌ಸಂಗ್‌ನ ಎಸ್22 ಮತ್ತು ಅದರ ಹಿಂದಿನ ಕೆಲವು ಫೋನುಗಳಲ್ಲೂ ಇದೇ ಬಗೆಯದು ಕಂಡುಬಂದು, ಗೀಕ್‌ಬೆಂಚ್‌ನವರು ಅವುಗಳನ್ನೂ ತಮ್ಮ ಪಟ್ಟಿಯಿಂದ ಕೈಬಿಟ್ಟರು.

ಕಾರುಗಳಲ್ಲೂ ಇದು ನಡೆದಿದೆ. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿದ್ದ ಸಾಫ್ಟ್‌ವೇರ್, ಈಗ ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ, ಆಗ ಮಾತ್ರ ಹೊಗೆಯನ್ನು ಶುದ್ಧ ಮಾಡುತ್ತಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ ಅಳೆಯುವ ಯಂತ್ರವನ್ನು ಕಾರಿನೊಳಗೇ ಇಟ್ಟುಕೊಂಡು ರಸ್ತೆಯಲ್ಲಿ ಓಡಿಸಿ ನೋಡಿತು. ಪ್ರಯೋಗಾಲಯದ ಲೆಕ್ಕಕ್ಕೂ ರಸ್ತೆಯ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಆ ತಂಡದಲ್ಲಿ ಬೆಂಗಳೂರಿನಲ್ಲಿ ಬೆಳೆದ ಹೇಮಂತ್ ಕಪ್ಪಣ್ಣ ಎಂಬ ಎಂಜಿನಿಯರ್ ಇದ್ದರು. 2015ರಲ್ಲಿ ಗುಟ್ಟು ಹೊರಬಿದ್ದಾಗ ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇದೆ ಎಂದು ಕಂಪನಿಯೇ ಒಪ್ಪಿಕೊಂಡಿತು.

ಸರ್, ನೀವು ಎಂಟನೇ ತರಗತಿಯಲ್ಲಿ ಮಾಡಿದ್ದನ್ನೇ ಅವರೆಲ್ಲ ಮಾಡಿದರು. ಲೆಕ್ಕದ ಬಟ್ಟೆ ಬದಲಿಸಿದರು. ನಲ್ಲಿ ತೆಗೆದು ನಾಟಿ ಇಟ್ಟರು. ನನ್ನ ಹಾಗೆ ಬಾಯಿಪಾಠ ಮಾಡಿದ ಫೋನುಗಳೆಲ್ಲ 9 ದಿನ ಎಂದು ಬರೆದವು.

ಈಗ ಬೇರೆಯವರ ಕಥೆ ಬಿಟ್ಟು ನನ್ನದೇ ಕಥೆ ಹೇಳಬೇಕು. ನಾನು ಕೆಲಸ ಮಾಡುವುದು ಆ್ಯಪ್‌ಗಳು ಎಷ್ಟು ವೇಗವಾಗಿ ಓಡುತ್ತವೆ ಎಂದು ನೋಡುವ ತಂಡದಲ್ಲಿ. ಕೆಲವು ವರ್ಷಗಳ ಹಿಂದೆ ನಮಗೊಂದು ಗುರಿ ಕೊಟ್ಟಿದ್ದರು. ಆ್ಯಪ್ ಒತ್ತಿದ ಎರಡು ಸೆಕೆಂಡಿನೊಳಗೆ ಮೊದಲ ಪುಟ ಮೂಡಬೇಕು. ನಮ್ಮದು ಮೂರು ಸೆಕೆಂಡಿನ ಮೇಲೆ ಹೋಗುತ್ತಿತ್ತು. ನಾನು ಒಂದು ಉಪಾಯ ಮಾಡಿದೆ. ನಿಜವಾದ ಮಾಹಿತಿ ಬರುವ ಮೊದಲು ಬೂದುಬಣ್ಣದ ಖಾಲಿ ಚೌಕಗಳು ಮೂಡುವಂತೆ ಮಾಡಿದೆ. ಗಡಿಯಾರ ಆ ಚೌಕಗಳನ್ನೇ ಪುಟ ಎಂದುಕೊಂಡು ನಿಂತುಬಿಟ್ಟಿತು. ಲೆಕ್ಕದಲ್ಲಿ 1.8 ಸೆಕೆಂಡ್. ತಂಡದವರು ಚಪ್ಪಾಳೆ ತಟ್ಟಿದರು. ಆ ವರ್ಷ ನನಗೆ ಒಳ್ಳೆಯ ಇನ್‌ಕ್ರಿಮೆಂಟೂ ಆಯಿತು. ಖಾಲಿ ಚೌಕ ತೋರಿಸುವುದೇ ತಪ್ಪು ಎನ್ನುತ್ತಿಲ್ಲ, ಕಾಯುವವರಿಗೆ ಏನೋ ನಡೆಯುತ್ತಿದೆ ಎಂದು ತಿಳಿಯುತ್ತದೆ. ಕೆಲಸ ಬೇಗ ಆಯಿತು ಎಂದು ಲೆಕ್ಕ ತೋರಿಸಿದ್ದು ತಪ್ಪು.

ಆ ದೀಪಾವಳಿಗೆ ಊರಿಗೆ ಬಂದಿದ್ದೆ. ಗೊಬ್ಬರದ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ದುಡ್ಡು ಕಳಿಸಲು ನಮ್ಮದೇ ಆ್ಯಪ್ ತೆರೆದರು. ನನ್ನ ಬೂದುಬಣ್ಣದ ಚೌಕಗಳು ಬಂದವು. ಚೌಕಗಳು ಹಾಗೇ ನಿಂತವು. ಹಿಂದೆ ಸಾಲು ಬೆಳೆಯಿತು. ಅವರು ಫೋನನ್ನು ನನ್ನ ಕಡೆ ತಿರುಗಿಸಿ, "ನೋಡಪ್ಪ, ಇದು ಲಗೂನ ತೆರಿತೈತಿ, ಆದ್ರ ಕೆಲಸ ಮಾಡಂಗಿಲ್ಲ" ಎಂದರು. ಇದನ್ನು ಮಾಡಿದವನು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ವಾಪಸ್ ಹೋಗಿ ನಮ್ಮ ಮ್ಯಾನೇಜರ್ ಹತ್ತಿರ ಅಳತೆಯನ್ನೇ ಬದಲಿಸೋಣ ಎಂದು ಹೇಳಿದೆ. ಪುಟ ಮೂಡುವ ಹೊತ್ತನ್ನು ಬಿಟ್ಟು, ಮನುಷ್ಯ ನಿಜವಾಗಿ ಗುಂಡಿ ಒತ್ತಬಹುದಾದ ಹೊತ್ತನ್ನು ಅಳೆಯೋಣ, ಅದೂ ಅಗ್ಗದ ಫೋನಿನಲ್ಲಿ, ದುರ್ಬಲ ನೆಟ್‌ವರ್ಕಿನಲ್ಲಿ. ಆಂಡ್ರಾಯ್ಡ್‌ನಲ್ಲಿ ಮೊದಲು ಮೂಡುವ ಹೊತ್ತು, ಪೂರ್ತಿ ಸಿದ್ಧವಾಗುವ ಹೊತ್ತು ಇವೆರಡನ್ನೂ ಬೇರೆ ಬೇರೆ ಅಳೆಯಲು ವ್ಯವಸ್ಥೆ ಇದೆ. ನಾವು ಸುಲಭದ್ದನ್ನು ಆರಿಸಿಕೊಂಡಿದ್ದೆವು ಅಷ್ಟೆ. ಹೊಸ ಅಳತೆಯಲ್ಲಿ ನಮ್ಮ 1.8 ಹೋಗಿ 6 ಸೆಕೆಂಡ್ ಆಯಿತು. ಆ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದನ್ನು 3ಕ್ಕೆ ಇಳಿಸಲು ಒಂದು ವರ್ಷ ಹಿಡಿಯಿತು. ನನ್ನ ಮಟ್ಟಿಗೆ ನಾನು ನಿಜವಾಗಿ ಎಂಜಿನಿಯರ್ ಆದದ್ದು ಆ ವರ್ಷ.

ಇಷ್ಟೆಲ್ಲ ಕೇಳಿ, ಹಾಗಾದರೆ ಸ್ಕೋರೂ ಬೇಡ, ಮಾರ್ಕ್ಸೂ ಬೇಡ ಎಂದು ಮುಂದೆ ಕುಳಿತ ಹುಡುಗರು ಖುಷಿಪಡುತ್ತಿರಬಹುದು. ತಡೆಯಿರಿ.

2017ರ ಡಿಸೆಂಬರಿನಲ್ಲಿ ಗೀಕ್‌ಬೆಂಚ್ ಮಾಡಿದ ಜಾನ್ ಪೂಲ್ ಅವರು ಐಫೋನ್ 6ಎಸ್ ಮತ್ತು 7ರ ಸಾವಿರಾರು ಅಂಕಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಂದೇ ಮಾದರಿಯ ಫೋನುಗಳು ಒಂದೇ ಅಂಕದ ಸುತ್ತ ಇರಬೇಕು. ಆದರೆ ಫೋನಿನ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದ ಮೇಲೆ ಹಲವು ಫೋನುಗಳ ಅಂಕ ಕೆಳಗೆ, ಬೇರೆ ಬೇರೆ ಮೆಟ್ಟಿಲಿನಲ್ಲಿ ನಿಂತಿತ್ತು. ಕೆಲವೇ ದಿನಗಳಲ್ಲಿ ಆಪಲ್ ಕಂಪನಿ, ಬ್ಯಾಟರಿ ಹಳೆಯದಾದ ಫೋನು ಥಟ್ಟನೆ ಆರಿಹೋಗದಿರಲೆಂದು ತಾನೇ ವೇಗ ತಗ್ಗಿಸಿದ್ದಾಗಿ ಒಪ್ಪಿಕೊಂಡಿತು. ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ಬೆಲೆಯನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. "ನನ್ನ ಫೋನು ನಿಧಾನವಾಗಿದೆ" ಎಂದು ಒಬ್ಬೊಬ್ಬರೇ ಗೊಣಗಿದರೆ ಯಾರೂ ಕೇಳುತ್ತಿರಲಿಲ್ಲ. ಅಂಕಗಳು ಸಾಲಾಗಿ ನಿಂತು ಸಾಕ್ಷಿ ಹೇಳಿದವು.

ನನ್ನ ಬದುಕಿನಲ್ಲೂ ಹಾಗೇ. ನಮ್ಮಪ್ಪನಿಗೆ ಶಿಫಾರಸು ಮಾಡುವವರು ಯಾರೂ ಗೊತ್ತಿರಲಿಲ್ಲ. 2004ರಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಿಡಿದು ಕಾಲೇಜಿನ ಬಾಗಿಲಿಗೆ ಹೋದಾಗ, ಅಲ್ಲಿ ನನ್ನ ಪರವಾಗಿ ಮಾತಾಡಿದ್ದು ಆ ಹಾಳೆ ಒಂದೇ. ಮುಂದೆ ಬಿಇ ಸೀಟು ಸಿಕ್ಕಿದ್ದೂ ಸಿಇಟಿಯ ರ‍್ಯಾಂಕಿನಿಂದ. ಉಳ್ಳವರ ಮಕ್ಕಳಿಗೆ ಅಂಕವಲ್ಲದೆ ಇನ್ನೂ ಹತ್ತು ದಾರಿ ಇರುತ್ತವೆ. ನಮ್ಮಂಥವರಿಗೆ, ಗುರುತಿಲ್ಲದ ಊರಿನಲ್ಲಿ ನಮ್ಮನ್ನು ಪರಿಚಯಿಸುವುದು ಅಂಕವೇ. ಆದ್ದರಿಂದ ಅಂಕ ಬೇಡ ಎನ್ನುವ ಹಕ್ಕು ನನಗಿಲ್ಲ. ಅಂಕ ನಿಜವಾಗಿರಲಿ ಎನ್ನುವ ಹಕ್ಕು ಮಾತ್ರ ಇದೆ. ಒಬ್ಬರು ಅಂಕದಲ್ಲಿ ಮೋಸ ಮಾಡಿದರೆ ನಷ್ಟ ಆಗುವುದು ಅಂಕವನ್ನು ಬಿಟ್ಟರೆ ಬೇರೆ ಸಾಕ್ಷಿ ಇಲ್ಲದವರಿಗೆ.

ಈಗ ಕಾರ್ಯದರ್ಶಿಗಳಿಗೆ ಉತ್ತರ ಕೊಡುತ್ತೇನೆ. ಎರಡು ಟ್ಯಾಬುಗಳ ಸ್ಕೋರಿನಲ್ಲಿ ಒಂದು ಇನ್ನೊಂದರ ದುಪ್ಪಟ್ಟು ಇದ್ದರೆ ಕಣ್ಣು ಮುಚ್ಚಿ ಕಡಿಮೆಯದನ್ನು ಬಿಡಿ, ಆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಈ ಎರಡರ ನಡುವೆ ಇರುವುದು ಶೇಕಡಾ ಎಂಟೋ ಹತ್ತೋ. ಅದು ಯಾವ ಮಗುವಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಅಂಗಡಿಯವರಿಂದ ಒಂದೊಂದು ಟ್ಯಾಬ್ ಮೂರು ದಿನದ ಮಟ್ಟಿಗೆ ತರಿಸಿ, ನಮ್ಮ ಪರೀಕ್ಷೆ ನಾವೇ ಮಾಡೋಣ.

ಮಧ್ಯಾಹ್ನ ಎರಡು ಗಂಟೆಗೆ, ಕರೆಂಟು ಹೋಗಿ ಫ್ಯಾನ್ ನಿಂತಾಗ, ಹತ್ತನೇ ತರಗತಿಯ ಕೋಣೆಯಲ್ಲಿ ಒಂದು ಪೂರ್ತಿ ಪೀರಿಯಡ್ ಪಾಠದ ವಿಡಿಯೋ ಓಡಿಸೋಣ. ಕೊನೆಯಲ್ಲಿ ಮುಟ್ಟಿ ನೋಡೋಣ, ತಡವರಿಸುತ್ತದೆಯೇ ನೋಡೋಣ. ಕಿಟಕಿ ಪಕ್ಕದ ಬೆಂಚಿನಲ್ಲಿ ಬಿಸಿಲು ಬಿದ್ದಾಗ ಕನ್ನಡ ಒತ್ತಕ್ಷರ ಸರಿಯಾಗಿ ಕಾಣುತ್ತದೆಯೇ? ಸಂಗ್ರಹ ಮುಕ್ಕಾಲು ತುಂಬಿಸಿದ ಮೇಲೆ ವಿಜ್ಞಾನ ಪುಸ್ತಕದ ಪಿಡಿಎಫ್ ಎಷ್ಟು ಹೊತ್ತಿಗೆ ತೆರೆಯುತ್ತದೆ? ಸೀಮೆಸುಣ್ಣದ ಪುಡಿ ಹತ್ತಿದ ಬೆರಳಿಗೆ ಪರದೆ ಸ್ಪಂದಿಸುತ್ತದೆಯೇ? ಒಂದು ಸಲ ಚಾರ್ಜ್ ಮಾಡಿದರೆ ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಬೆಲ್ಲಿನವರೆಗೆ ಬರುತ್ತದೆಯೇ? ಗಾಜು ಒಡೆದರೆ ಸಿಂಧನೂರಿನಲ್ಲೇ ರಿಪೇರಿ ಆಗುತ್ತದೆಯೇ, ರಾಯಚೂರಿಗೆ ಹೋಗಬೇಕೇ? ಎಷ್ಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುತ್ತಾರೆಂದು ಬರೆದು ಕೊಡುತ್ತಾರೆಯೇ? ಪರೀಕ್ಷಕರು ಈ ಮಕ್ಕಳೇ ಆಗಲಿ. ಅವರೇ ಒಂದು ಹಾಳೆಯಲ್ಲಿ ಅಂಕ ಹಾಕಲಿ, ಏಕೆ ಹಾಕಿದೆವು ಎಂದೂ ಬರೆಯಲಿ. ಇನ್ನೊಂದು ಮಾತು, ಯಾವ ವಿಡಿಯೋ, ಯಾವ ಪುಸ್ತಕ ಎಂದು ಅಂಗಡಿಯವರಿಗೆ ಮೊದಲೇ ಹೇಳುವುದು ಬೇಡ. ಲೆಕ್ಕದ ಬಟ್ಟೆ ಬದಲಿಸಿಯೇ ಕೊಡೋಣ.

ಗೆಳೆಯ ಕೊಟ್ಟ ಇನ್ನೂರು ರೂಪಾಯಿ ಅವನ ಬೆನ್ನಿನ ಮೇಲೆ ಹೊತ್ತ ಮೂಟೆಯ ದುಡ್ಡು. ಅದಕ್ಕೆ ಮೂರು ದಿನದ ಪರೀಕ್ಷೆಯ ಗೌರವವನ್ನಾದರೂ ನಾವು ಕೊಡಬೇಕು.

ಪ್ರೀತಿಯ ವಿದ್ಯಾರ್ಥಿಗಳೇ, ಮಾರ್ಚ್ ಹತ್ತಿರ ಬರುತ್ತಿದೆ. ಚೆನ್ನಾಗಿ ಓದಿ, ಅಂಕ ತೆಗೆಯಿರಿ, ನಾಚಿಕೊಳ್ಳಬೇಡಿ. ಆದರೆ ಒಂದೊಂದು ಲೆಕ್ಕ ಮುಗಿಸಿದ ಮೇಲೆ, ಇದನ್ನೇ ನಮ್ಮೂರಿನ ಗದ್ದೆಯಲ್ಲಿ ಕೇಳಿದರೆ ನನಗೆ ಬರುತ್ತದೆಯೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಅನುಮಾನ ಬಂದರೆ ಮನೆಗೆ ಹೋಗಿ ಅವ್ವನ್ನ ಕೇಳಿ.

ನಮ್ಮಪ್ಪನ ಆ ಫೋನು ಈಗ ನನ್ನ ಹತ್ತಿರ, ಬೆಂಗಳೂರಿನ ಆಫೀಸಿನ ಡ್ರಾಯರಿನಲ್ಲಿದೆ. ನಮ್ಮ ತಂಡ ಹೊಸದೇನೇ ಮಾಡಿದರೂ ಮೊದಲು ಅದರಲ್ಲಿ ಓಡಿಸಿ ನೋಡುತ್ತೇವೆ. ಅಪ್ಪನಿಗೆ ಅಂಗಡಿಯವರು ಹೇಳಿದ ಫೋನನ್ನೇ ಆಮೇಲೆ ಕೊಡಿಸಿದೆ. ಅವರು ಈಗ ಅಲ್ಲಿ, ಕೊನೆಯ ಸಾಲಿನಲ್ಲಿ ಕುಳಿತು ಅದೇ ಫೋನಿನಲ್ಲಿ ನನ್ನ ಭಾಷಣದ ವಿಡಿಯೋ ಮಾಡುತ್ತಿದ್ದಾರೆ. ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ಸಂಜೆ ಅವರೇ ಹೇಳುತ್ತಾರೆ.